ಕಣದಲ್ಲಿ ಮೂರನೇ ರೌಂಡು

ಟ್ರ್ಯಾಕ್ಟರು ಮೂರನೇ ಸಲ ಕಣಕ್ಕೆ ನುಗ್ಗುವಷ್ಟರಲ್ಲಿ ಮುನಿರತ್ನಮ್ಮ ಅದರ ಮೂತಿಗೆ ಅಡ್ಡ ನಿಂತಳು. ಅವಳ ಬೆನ್ನ ಹಿಂದೆ ಬೇಸಿಗೆ ರಾಗಿಯ ತೆನೆ ಹರಡಿತ್ತು. ಸಗಣಿ ಸಾರಿಸಿದ ಆ ನೆಲಕ್ಕೆ ಮನೆಯವರೂ ಚಪ್ಪಲಿ ಬಿಟ್ಟೇ ಕಾಲಿಡುತ್ತಿದ್ದರು.

ಓಡಿಸುತ್ತಿದ್ದವನು ಉರಿಗಾಂನ ಸೆಲ್ವರಾಜ್. ವಾರವೆಲ್ಲ ಕಾರ್ಖಾನೆ, ಭಾನುವಾರ ಟ್ರ್ಯಾಕ್ಟರ್ ಪ್ರೇಮ. ತೆನೆ ತುಳಿಸಿಕೊಡುತ್ತೇನೆಂದು ತಾನಾಗಿ ಬಂದವನು, ಗೆಳೆಯನ ಮೊಬೈಲಿನಲ್ಲಿ ವಿಡಿಯೋ ಚಂದ ಬರಲಿಲ್ಲವೆಂದು ಎರಡು ಸಲ ರಸ್ತೆಗೆ ಹೋಗಿ, ಜಲ್ಲಿಪುಡಿ ಮೆತ್ತಿದ ಚಕ್ರದಲ್ಲೇ ತಿರುಗಿ ಒಳಬರುತ್ತಿದ್ದ. ಬಾನೆಟ್ಟನ್ನು ಮಾತ್ರ ಪ್ರತಿ ಸಲವೂ ಮದುಮಗನ ಮುಖದಂತೆ ಒರೆಸಿದ್ದ.

"ಅಕ್ಕಾ, ವಿಡಿಯೋಗೆ ಇನ್ನೊಂದೇ ರೌಂಡು!"

"ನಿನ್ ರೌಂಡಿಗೆ ಬೆಂಕಿ ಬೀಳ! ಮೂತಿ ಒರೆಸ್ತೀಯ, ಕಾಲು ತೊಳೆಯಕ್ಕೇನ್ಲಾ ರೋಗ? ವರ್ಸವೆಲ್ಲ ನಾವು ಮುದ್ದೇಲಿ ಕಲ್ಲು ನುಂಗ್ಬೇಕಾ?"

"ಸ್ವಲ್ಪ ಧೂಳು ತಾನೇ ಅಕ್ಕಾ..."

ಮುನಿರತ್ನಮ್ಮ ಬಗ್ಗಿ, ಚಕ್ರ ಹಾದ ಜಾಗದಿಂದ ಒಂದು ಹಿಡಿ ರಾಗಿ ಬಾಚಿ ಅವನ ಮುಂದೆ ಚಾಚಿದಳು. "ಸ್ವಲ್ಪಾನೇನಾ? ತಿನ್ನು." ಮೊಬೈಲು ಹಿಡಿದಿದ್ದ ಗೆಳೆಯನ ಕಡೆ ತಿರುಗಿ, "ಇದನ್ನ ಹಿಡಿಯೋ ವಿಡಿಯೋದಲ್ಲಿ," ಎಂದಳು.

ಮೊಬೈಲು ನೋಡುತ್ತಿತ್ತು. ಸೆಲ್ವರಾಜ್ ಬಾಯಿಗೆ ಹಾಕಿಕೊಂಡು ಅಗಿದ. ಕಲ್ಲು ಕರಕ್ಕೆಂದಿತು. ಎಂಜಿನ್ ಆರಿಸಿ, ಕೆಳಗಿಳಿದು, ತುಂಬಿದ ಬಾಯಲ್ಲೇ ಕೇಳಿದ: "ನೀರು ಎಲ್ಲಿದೆ ಅಕ್ಕಾ?"

"ಬಾಯಿಗೋ, ಚಕ್ರಕ್ಕೋ?" ಎಂದಳು ಮುನಿರತ್ನಮ್ಮ, ದಾರಿ ಬಿಡದೆ.