ಅಪ್ಪ ನೋಡುತ್ತಿದ್ದ ಧಾರಾವಾಹಿ

ಜೋಳದ ರೊಟ್ಟಿ ಸೀದ ವಾಸನೆ ಬಂದರೆ ನನಗೆ ಈಗಲೂ ಬಿಳಿಚೋಡಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ತಾವೇ ಟೀವಿ ಹಾಕಿಕೊಂಡು ಚಾಪೆಯ ಮೇಲೆ ಕೂತು ಧಾರಾವಾಹಿ ನೋಡುತ್ತಿದ್ದರು. ಪಕ್ಕದಲ್ಲಿ ನಾನಿದ್ದೆ. ಟೀವಿಯಲ್ಲಿ ಸೊಸೆಯೊಬ್ಬಳು ಮುದುಕಿ ಅತ್ತೆಯ ಮುಂದಿದ್ದ ಊಟದ ತಟ್ಟೆಯನ್ನು ಎಳೆದುಕೊಂಡಾಗ ಅಪ್ಪ ಟವೆಲ್ಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಅವರ ಗೆಳೆಯ ರುದ್ರಣ್ಣ ಬಾಗಿಲಲ್ಲಿ ನಿಂತು ನಕ್ಕರು.

"ಏನಪ್ಪಾ, ಹೆಂಗಸ್ರು ನೋಡೋದನ್ನ ನೋಡ್ಕಂಡು ಅಳ್ತಾ ಕುಂತೀಯಲ್ಲ?"

ಅಪ್ಪ ಥಟ್ಟನೆ ಎದ್ದು ಅಡುಗೆಮನೆಯತ್ತ ಕೂಗಿದರು. "ಏಯ್, ದಿನಾ ಇಂಥವನ್ನ ಹಾಕ್ಕಂಡು ಕೂರ್ತೀಯಲ್ಲ, ನಿಂಗೆ ಬೇರೆ ಕೆಲ್ಸ ಇಲ್ವಾ?"

ಮುಂಗೈಗೆಲ್ಲ ಹಿಟ್ಟು ಮೆತ್ತಿಕೊಂಡೇ ಅವ್ವ ಹೊರಗೆ ಬಂದಳು. ನನ್ನನ್ನೊಮ್ಮೆ ನೋಡಿ ಟೀವಿ ಆರಿಸಿದಳು.

"ಹೂನ್ರೀ ಅಣ್ಣಾ, ನಾನೇ ಹಾಕಿದ್ದೆ. ನಮಗೆ ಇನ್ನೇನೈತೆ ನೋಡಾಕೆ" ಎಂದಳು.

ಒಳಗೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ನಾನು ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಾ ಕೂತೆ. ಅಪ್ಪ ಸಂಜೆಯವರೆಗೂ ನನ್ನ ಮುಖ ನೋಡಲಿಲ್ಲ.

ಮರುದಿನ ಅದೇ ಹೊತ್ತಿಗೆ ಅವ್ವ ತಾನೇ ಟೀವಿ ಹಾಕಿ, ಹೊರಗೆ ಕಟ್ಟೆಯ ಮೇಲಿದ್ದ ಅಪ್ಪನನ್ನು ಕರೆದಳು. "ಬರ್ರೀ, ಶುರುವಾಗೈತೆ."

ಅಪ್ಪ ಬೀದಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದರು. ಅವ್ವ ಕಟ್ಟೆಗೆ ಕೇಳುವಷ್ಟು ಸೌಂಡು ಹೆಚ್ಚಿಸಿ ಅಡುಗೆಮನೆಗೆ ಹೋದಳು.