ದೋಣಿಯ ಆಚೆ ತುದಿ

ನೆನೆದ ತಗಡಿನ ವಾಸನೆ ಬಂದರೆ ಇವತ್ತಿಗೂ ನಾನು ಒಂದೆಡೆ ಕೂರಲಾರೆ.

ಮತ್ತಿಕೆರೆಯ ನಮ್ಮ ಮನೆಯ ಸೂರಿನಂಚಿನ ತಗಡಿನ ದೋಣಿಯಲ್ಲಿ ಮಳೆನೀರು ಹರಿಯದೆ ನಿಂತು, ಅಜ್ಜಿಯ ಕೋಣೆಯ ಗೋಡೆಗೆ ಇಳಿಯುತ್ತಿತ್ತು. ಆ ಮಧ್ಯಾಹ್ನ ಮೋಡ ಕವಿದಾಗ ಅಪ್ಪ ಏಣಿ ಹತ್ತಿದರು. ಇಳಿಜಾರು ಸರಿಯಾಗಲು ದೋಣಿಯ ಆಚೆ ತುದಿ ಎತ್ತಬೇಕಿತ್ತು. ಅದು ದೊಡ್ಡಪ್ಪನ ಪಾಲಿನಲ್ಲಿತ್ತು. ಮನೆ ಪಾಲಾದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಅಪ್ಪ ಸುತ್ತಿಗೆ ಹಿಡಿದು ಏಣಿಯ ಮೇಲೆಯೇ ಉಳಿದರು. ಏಣಿ ಹಿಡಿದಿದ್ದ ನಾನು ಆಕಾಶ ನೋಡುತ್ತ ಚಡಪಡಿಸಿದೆ.

ಅಜ್ಜಿ ಮಂಚದಿಂದಲೇ ಕೂಗಿದಳು: "ಲೋ, ನೀವಿಬ್ರೂ ಮಾತಾಡೋವರ್ಗೂ ಮಳೆ ಕಾಯ್ತದೇನ್ರೋ?"

ದೊಡ್ಡಪ್ಪ ಸ್ಟೂಲ್ ತಂದು ಹತ್ತಿ, ತುದಿಯನ್ನು ಎತ್ತಿ ಹಿಡಿದರು. ನಿಂತಿದ್ದ ನೀರು ಸರಸರನೆ ಅಪ್ಪನ ಕಡೆಯ ಕೊಳವೆಗೆ ಹರಿಯಿತು.

"ಸಾಕಾ?" ದೊಡ್ಡಪ್ಪ ಗೋಡೆ ನೋಡುತ್ತಲೇ ಕೇಳಿದರು.

"ಸಾಕು ಅಣ್ಣ. ಹಂಗೇ ಹಿಡ್ಕೊಂಡಿರು, ಮೊಳೆ ಹೊಡೀತೀನಿ."

ಅಪ್ಪ ಏಣಿಯನ್ನು ಆ ಕಡೆಗೆ ಸರಿಸಿ ಮೊಳೆ ಹೊಡೆದರು. ಮೊದಲ ಹನಿಗಳು ಬಿದ್ದರೂ ಇಬ್ಬರೂ ಕೆಳಗಿಳಿಯಲಿಲ್ಲ.