ಮೂವತ್ತೆರಡು ಬಾವಿ

"ದೇವದಾಸ, ಏಲೂರು. ಮೊದಲನೇ ಕರೆ," ಎಂದ ಅಧಿಕಾರಿಯ ಮುಖ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಆಟಿಂಗಲ್ ದಾಟಿ ಓಡುತ್ತಿದ್ದ ಕ್ಯಾರವಾನಿನೊಳಗೆ ನಂದಿತಾ ಮೇಜಿಗೆ ಗುದ್ದಿದಳು. "ಹೋಯ್ತು! ಅಪ್ಪಾ, ನೆಟ್ ಹೋಯ್ತು!"

ಹಾಸಿಗೆಯಲ್ಲಿ ಒರಗಿದ್ದ ದೇವದಾಸರು ಬೆನ್ನು ಹಿಡಿದುಕೊಂಡು ಎದ್ದು ಕೂತರು. ಅಷ್ಟು ದೂರ ಕೂತು ಬರಲು ಆ ಬೆನ್ನು ಒಪ್ಪದೆಂದೇ ಕೊಚ್ಚಿಯಿಂದ ಈ ಮಲಗುವ ಗಾಡಿ ಹಿಡಿದದ್ದು. ಕೊಚ್ಚಿಯ ಪಕ್ಕದ ಏಲೂರಿನಲ್ಲಿ ಅವರ ಓಣಿಯ ಹಿಂದಿನ ಕಾರ್ಖಾನೆ ಇನ್ನಷ್ಟು ಬೆಳೆಯಲು ಅನುಮತಿ ಕೇಳಿತ್ತು. ಆಕ್ಷೇಪಣೆ ಇರುವವರು ತಿರುವನಂತಪುರಕ್ಕೆ ಖುದ್ದಾಗಿ ಬನ್ನಿ ಎಂದಿತ್ತು ನೋಟಿಸು. ಖುದ್ದಾಗಿ ಹೊರಟು ಅರ್ಧ ದಾರಿ ದಾಟಿದ್ದವರ ಫೋನಿಗೆ ಒಂಬತ್ತೂವರೆಗೆ ಮೆಸೇಜು ಬಂತು: ಕಚೇರಿಗೆ ಬರಬೇಡಿ, ಹನ್ನೊಂದಕ್ಕೆ ವಿಡಿಯೋ ಲಿಂಕಿನಲ್ಲಿ ಹಾಜರಾಗಿ. ಬೇರೆಯವರ ಹೆಸರಿನ ನಡುನಡುವೆ ಮೂರು ಸಲ ಕರೆಯುತ್ತಾರೆ. ಉತ್ತರ ಬರದಿದ್ದರೆ 'ಆಕ್ಷೇಪಣೆ ಇಲ್ಲ' ಎಂದು ಬರೆದು ಕಡತ ಮುಚ್ಚುತ್ತಾರೆ. ಜನರ ಬಾಯಿ ಮುಚ್ಚಿಸಲು ಈಗ ಲಾಠಿ ಬೇಕಿಲ್ಲ, ಒಂದು ಲಿಂಕು ಸಾಕು.

"ಎರಡು ಕಂಪನಿಯ ಸಿಮ್ಮು, ನೆತ್ತಿ ಮೇಲೆ ಆಂಟೆನಾ!" ಗಾಡಿಯ ಮಾಲೀಕನೂ ಚಾಲಕನೂ ಆದ ಅಲ್ವಿನ್‌ಗೆ ಅವಮಾನವಾಗಿತ್ತು. "ಇದರಲ್ಲಿ ಕೂತು ಜರ್ಮನಿಯವರು ತಿಂಗಳುಗಟ್ಟಲೆ ಆಫೀಸು ನಡೆಸಿದ್ದಾರೆ, ಮಗಳೇ."

"ಜರ್ಮನಿಯವರನ್ನು ಯಾರೂ ಮೂರು ಸಲ ಕರೆದಿರಲಿಲ್ಲ. ನಿಲ್ಸಿ ಚೇಟ್ಟಾ, ನಿಲ್ಸಿ ಅಣ್ಣಾ! ಇಲ್ಲಿ ಫುಲ್ ಸಿಗ್ನಲ್ ಉಂಟು!"

ಗಾಡಿ ನಿಂತಿತು. ಸಿಗ್ನಲ್ ಪೂರ್ತಿ ಇತ್ತು, ಪರದೆಯ ಮೇಲಿನ ಚಕ್ರ ಮಾತ್ರ ತಿರುಗುತ್ತಲೇ ಇತ್ತು. ಅಲ್ವಿನ್ ಕಿಟಕಿಯಿಂದ ತಲೆ ಹೊರಹಾಕಿ ನೋಡಿ ಹಣೆ ಚಚ್ಚಿಕೊಂಡ. "ಎಲ್ಲಿ ನಿಲ್ಲಿಸೋಕೆ ಹೇಳಿದೆ ನನಗೆ! ಇದು ಮದುವೆ ಆಡಿಟೋರಿಯಂ. ಒಳಗಿರೋ ಒಬ್ಬೊಬ್ಬರ ಫೋನಿನಲ್ಲೂ ಗಲ್ಫಿನ ನೆಂಟರೊಬ್ಬರು ಕೂತಿದ್ದಾರೆ. ಇಡೀ ಟವರನ್ನು ಇವರೇ ಕುಡಿದು ಮುಗಿಸಿದ್ದಾರೆ."

ಪರದೆ ಒಮ್ಮೆ ಮಿಸುಕಿತು. "...ದಾಸ, ಏಲೂರು. ಎರಡನೇ ಕರೆ." ಮತ್ತೆ ಸತ್ತಿತು.

"ಎಂತ ಮಾಡುವುದು ಮಗಳೇ?" ಎಂದರು ದೇವದಾಸರು. ಓಣಿಯ ಕೆಟ್ಟ ಬಾವಿಗಳ ಪಟ್ಟಿಯನ್ನು ಕೈಗೆತ್ತಿಕೊಂಡರು. ನಂದಿತಾಳ ತಲೆಯಲ್ಲಿ ಮಿಂಚು ಹೊಡೆಯಿತು. ಗಲ್ಫಿಗೆ ಮದುವೆ ತೋರಿಸುವವರು ಟವರ್ ನಂಬಿ ಕೂತಿರುವುದಿಲ್ಲ, ತಂತಿ ಎಳೆದಿರುತ್ತಾರೆ! "ಅಪ್ಪನನ್ನು ಒಳಗೆ ಕರ್ಕೊಂಡು ಬನ್ನಿ ಚೇಟ್ಟಾ!" ಎಂದವಳೇ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹಾರಿದಳು. ಶರಬತ್ತಿನ ತಟ್ಟೆ ಹಿಡಿದವನಿಗೆ ಡಿಕ್ಕಿ ಹೊಡೆದು, "ಸಾರಿ, ಸಾರಿ" ಎನ್ನುತ್ತಾ ವೇದಿಕೆಯ ಬುಡಕ್ಕೆ ತಲುಪಿದಳು. ಅಲ್ಲಿ ಅಭಿಜಿತ್ ಎಂಬ ವಿಡಿಯೋದವನು ಹೂವಿನ ನಡುವಿನ ಎರಡು ಖಾಲಿ ಕುರ್ಚಿಗಳನ್ನು ಎಂಟುನೂರು ಜನಕ್ಕೆ ಲೈವ್ ತೋರಿಸುತ್ತಾ ಆಕಳಿಸುತ್ತಿದ್ದ.

"ಐದು ನಿಮಿಷ ನೆಟ್ ಕೊಡಿ. ಮೂವತ್ತೆರಡು ಬಾವಿಗಳ ಪ್ರಶ್ನೆ!"

"ಬಾವಿಯಾ?" ಅವನು ಅವಳ ಮುಖ ನೋಡಿದ. ಏನೋ ಕಂಡಿರಬೇಕು, ಒಂದು ಕೇಬಲಿನ ತುದಿ ಚಾಚಿದ. "ಮದುಮಕ್ಕಳು ಚರ್ಚಿನಿಂದ ಇನ್ನೂ ಹೊರಟಿಲ್ಲ. ಚುಚ್ಚಿ."

"ಮೂರನೇ ಕರೆ."

"ಹಾಜರ್!" ಅಲ್ವಿನ್‌ನ ತೋಳು ಹಿಡಿದು ಬರುತ್ತಿದ್ದ ದೇವದಾಸರು ದೂರದಿಂದಲೇ ಕೂಗಿದ ರಭಸಕ್ಕೆ ಮುಂದಿನ ಸಾಲಿನವರೆಲ್ಲ ತಿರುಗಿದರು.

"ವಿಲ್ಲಿಂಗ್ಡನ್ ಐಲ್ಯಾಂಡಿನ ಸರ್ಕಾರಿ ಲ್ಯಾಬಿನಲ್ಲಿ ಮೂವತ್ತು ವರ್ಷ ಹಡಗಿನವರ ಸರಕು ಪರೀಕ್ಷೆ ಮಾಡಿದೆ," ಎಂದು ಅವರು ಲ್ಯಾಪ್‌ಟಾಪಿನ ಮುಂದೆ ಕುರ್ಚಿಯಲ್ಲಿ ಕೂತು ತಮ್ಮ ನಿಧಾನದ ಮಲಯಾಳದಲ್ಲಿ ಶುರುಮಾಡಿದರು. "ಈಗ ನೆರೆಮನೆಯವರ ನೀರು ಪರೀಕ್ಷೆ ಮಾಡಿದ್ದೇನೆ. ಒಂದನೇ ಬಾವಿ, ಚಂದ್ರಾವತಿಯವರದು. ಬೆಳಗ್ಗೆ ಸೇದಿದ ನೀರು ಮಧ್ಯಾಹ್ನಕ್ಕೆ ತುಕ್ಕಿನ ಬಣ್ಣ. ಎರಡನೆಯದು..."

ನಾಲ್ಕನೇ ಬಾವಿಗೆ ಅಧಿಕಾರಿ ಕೈ ಎತ್ತಿದರು. "ನಿಮ್ಮ ಹಿಂದೆ ಹೂವಿನ ಅಲಂಕಾರ ಕಾಣ್ತಿದೆ. ಇದು ವಿಚಾರಣೆಗೆ ತಕ್ಕ ಜಾಗವಲ್ಲ. ಸಾಕು." ಲಿಂಕು ಮುಚ್ಚಿತು.

"ಖುದ್ದಾಗಿ ಬಂದ್ರೆ ಲಿಂಕಿಗೆ ಹೋಗಿ ಅಂತೀರಿ. ಲಿಂಕಿಗೆ ಬಂದ್ರೆ ಜಾಗ ಸರಿಯಿಲ್ಲ ಅಂತೀರಿ. ಕಾರ್ಖಾನೆಯವರ ಹಿಂದೆ ಎಂತ ಕಾಣ್ತದೆ ಅಂತ ಯಾವತ್ತಾದ್ರೂ ನೋಡಿದ್ದೀರಾ?" ನಂದಿತಾ ಕಪ್ಪು ಪರದೆಗೆ ಕಿರುಚಿದಳು.

ದೇವದಾಸರು ಪಟ್ಟಿ ಮಡಚತೊಡಗಿದ್ದರು. ಅಭಿಜಿತ್ ಕ್ಯಾಮೆರಾವನ್ನು ಖಾಲಿ ಕುರ್ಚಿಗಳಿಂದ ಸರಕ್ಕನೆ ಅವರತ್ತ ತಿರುಗಿಸಿದ. "ಐದನೇ ಬಾವಿ ಹೇಳಿ ಸಾರ್. ಇಲ್ಲಿ ಯಾರೂ ಸ್ವಿಚ್ ಒತ್ತಲ್ಲ."

ಅವರು ಹೇಳಿದರು. ಹತ್ತನೇ ಬಾವಿಯ ಹೊತ್ತಿಗೆ ಬೆನ್ನುನೋವು ಮರೆತು ಎದ್ದು ನಿಂತಿದ್ದರು. ಎಂಟುನೂರು ಇದ್ದದ್ದು ಸಾವಿರದ ನಾನೂರಾಯಿತು. ಚಿತ್ರದ ಕೆಳಗೆ ನೋಡುಗರು ಬರೆದ ಸಾಲುಗಳು ಹಾಯತೊಡಗಿದವು, ನಂದಿತಾ ಗಟ್ಟಿಯಾಗಿ ಓದತೊಡಗಿದಳು. "ನನ್ನ ಅಕ್ಕನನ್ನು ಕೊಟ್ಟದ್ದು ಏಲೂರಿಗೇ, ಅವರ ಬಾವಿಯೂ ಹೀಗೇ!" "ಪೂರ್ತಿ ರೆಕಾರ್ಡ್ ಮಾಡ್ಕೊಂಡೆ, ಎಲ್ಲರಿಗೂ ಕಳಿಸ್ತೇನೆ!" "ಆ ಅಧಿಕಾರಿಗೆ ಆ ನೀರಲ್ಲೇ ಚಹಾ ಕಾಯಿಸಿ ಕೊಡಿ!"

ಇಪ್ಪತ್ತೊಂದನೇ ಬಾವಿ ಮುಗಿಯುವಾಗ ಬಾಗಿಲಲ್ಲಿ ಬ್ಯಾಂಡು ಮೊಳಗಿತು. ಬಿಳಿ ಉಡುಪಿನ ಮದುಮಗಳು ಜಾಯ್ಸ್ ಗಂಡನ ತೋಳು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳ ತಂದೆ ನಡುದಾರಿಯಲ್ಲಿ ಓಡಿ ಬಂದರು.

"ಯಾರೋ ಇವರು? ತಿರುಗಿಸೋ ಕ್ಯಾಮೆರಾ! ನನ್ನ ದೊಡ್ಡ ಮಗಳು ರಜೆ ಸಿಗದೆ ಕುವೈತಿನಲ್ಲಿ ಅಳ್ತಾ ಕೂತಿದ್ದಾಳೆ, ತಂಗಿಯ ಮುಖ ನೋಡೋದಕ್ಕೆ!"

ಅಭಿಜಿತ್ ತನ್ನ ಪರದೆಯನ್ನು ಅವರ ಕಡೆ ತಿರುಗಿಸಿದ. ಕುವೈತಿನಿಂದ ಆಗಷ್ಟೇ ಬಂದ ಸಾಲು ಅಲ್ಲಿತ್ತು:

"ಪಪ್ಪಾ, ಜಾಯ್ಸ್ ಸ್ವಲ್ಪ ಬಾಗಿಲಲ್ಲೇ ನಿಲ್ಲಲಿ. ಇನ್ನೂ ಹನ್ನೊಂದು ಬಾವಿ ಇವೆ."